ದಯವಿಟ್ಟು ನಮಗೆ ಶುಕ್ರವಾರ ರಜೆ ಕೊಡಬೇಡಿ

ಬೆಂಗಳೂರಿನ ಜಾಹೀರಾತು ಏಜೆನ್ಸಿಯೊಂದರ ಮಾಲೀಕರಿಗೆ ಅವರದೇ ಕಾಪಿರೈಟರ್ ಬರೆದ ಬಹಿರಂಗ ಪತ್ರ

ಸನ್ಮಾನ್ಯ ಸರ್,

ಸಂಬಳ ಕಡಿತ ಮಾಡದೆ ವಾರಕ್ಕೆ ನಾಲ್ಕೇ ದಿನ ಕೆಲಸ ಕೊಡಿ ಎಂದು ನಮ್ಮ ಆಫೀಸಿನ ಹುಡುಗರು ಸಹಿ ಸಂಗ್ರಹಿಸುತ್ತಿರುವುದು ತಮ್ಮ ಕಿವಿಗೂ ಬಿದ್ದಿರಬೇಕು. ನಾನು ಸಹಿ ಹಾಕಿಲ್ಲ. ಶುಕ್ರವಾರ ರಜೆಯಾದರೆ, ಮುಂದಿನ ವಾರದ ಮೀಟಿಂಗುಗಳನ್ನು ಯಾವಾಗ ಇಟ್ಟುಕೊಳ್ಳೋಣ ಎಂದು ತೀರ್ಮಾನಿಸುವ ನಮ್ಮ ಶುಕ್ರವಾರದ ಮೀಟಿಂಗಿನ ಗತಿಯೇನು?

ಹುಡುಗರು ಎಲ್ಲಿಂದಲೋ ಉದಾಹರಣೆ ಹೆಕ್ಕಿ ತರುತ್ತಾರೆ. 2019ರ ಆಗಸ್ಟ್ ಪೂರ್ತಿ ಮೈಕ್ರೋಸಾಫ್ಟಿನ ಜಪಾನ್ ಕಚೇರಿ ಶುಕ್ರವಾರ ಬಾಗಿಲು ಹಾಕಿತಂತೆ, ಮೀಟಿಂಗನ್ನು ಅರ್ಧ ಗಂಟೆಗೆ ಕತ್ತರಿಸಿತಂತೆ. ತಲಾ ಮಾರಾಟ ಹಿಂದಿನ ಆಗಸ್ಟಿಗಿಂತ ಸುಮಾರು ಶೇ 40 ಏರಿತಂತೆ. ಬ್ರಿಟನ್ನಿನಲ್ಲಿ 2022ರಲ್ಲಿ 61 ಕಂಪನಿಗಳು ಆರು ತಿಂಗಳು ನಾಲ್ಕು ದಿನದ ವಾರವನ್ನು ಮಾಡಿ ನೋಡಿ, 56 ಕಂಪನಿಗಳು ಆಮೇಲೂ ಮುಂದುವರಿಸಿದವಂತೆ. ಪರದೇಶದ ಮಾತು ನಮಗೇಕೆ ಸರ್? ನಮ್ಮಲ್ಲಿ ದೊಡ್ಡವರಿಲ್ಲವೇ? ನಾರಾಯಣ ಮೂರ್ತಿಯವರು 2023ರಲ್ಲಿ ವಾರಕ್ಕೆ 70 ಗಂಟೆ ಅಂದರು. 2025ರಲ್ಲಿ ಎಲ್ ಅಂಡ್ ಟಿ ಅಧ್ಯಕ್ಷರ 90 ಗಂಟೆಯ ಮಾತು ಸುದ್ದಿಯಾಯಿತು. ಹರಾಜು ಇನ್ನೂ ಮುಗಿದಿಲ್ಲ. ವಾರದಲ್ಲಿ 168 ಗಂಟೆಗಳಿವೆ, ತಾವೂ ಕೂಗಬಹುದು. ರಾಜ್ಯದ 1961ರ ಅಂಗಡಿ ಮತ್ತು ವಾಣಿಜ್ಯ ಸಂಸ್ಥೆಗಳ ಕಾಯ್ದೆ 48 ಗಂಟೆ ಅನ್ನುತ್ತದೆ, ಆದರೆ ಅದನ್ನು ಓದಲು ಪುರುಸೊತ್ತು ಯಾರಿಗಿದೆ?

ಈ ಗಂಟೆಗಳಲ್ಲಿ ನಮ್ಮಲ್ಲಿ ನಡೆಯುವುದೇನೆಂದು ತಿಳಿಯಲು ಅಕ್ಷಯ ತೃತೀಯದ ಆ ಜಾಹೀರಾತನ್ನೇ ನೋಡಿ. ಚಿನ್ನದಂಗಡಿಯವರಿಗೆ ಮುಖಪುಟಕ್ಕೆ ಒಂದೇ ಸಾಲು ಬೇಕಿತ್ತು, ಐದು ಪದ. ಹತ್ತು ಗಂಟೆಗೆ ಕೂತೆ. ನಾಲ್ಕು ಪದ ಕೂಡಿಬಂದವು, ಐದನೆಯದು ನಾಲಿಗೆಯ ತುದಿಗೆ ಬಂದಿತ್ತು. ಕ್ಲೈಂಟ್ ಸರ್ವಿಸಿಂಗಿನವರು ಹೆಗಲು ತಟ್ಟಿ ‘ಎರಡೇ ನಿಮಿಷ’ ಅಂದರು. ಹೋದ ದೀಪಾವಳಿಯ ಫೈಲ್ ಎಲ್ಲಿದೆಯೆಂದು ಅವರಿಗೆ ತಿಳಿಯಬೇಕಿತ್ತು. ಅವರು ಅತ್ತ ಹೋದರೋ ಇಲ್ಲವೋ, ವಾಟ್ಸ್ಆ್ಯಪ್ ಗ್ರೂಪಿನಲ್ಲಿ ತಮ್ಮ ಸಂದೇಶ: ‘ಎನಿ ಅಪ್‌ಡೇಟ್?’ ಅಪ್‌ಡೇಟ್ ಇಲ್ಲವೆಂಬ ಅಪ್‌ಡೇಟ್ ಕಳಿಸಿದೆ. ಹನ್ನೊಂದೂವರೆಗೆ, ಹೆಡ್‌ಲೈನ್ ಯಾಕೆ ತಡವಾಗುತ್ತಿದೆ ಎಂದು ಚರ್ಚಿಸಲು ಒಂಬತ್ತು ಜನ ಸೇರಿದೆವು. ಅದನ್ನು ಬರೆಯಬೇಕಾದವನೂ ಆ ಒಂಬತ್ತರಲ್ಲೇ ಒಬ್ಬನಾಗಿದ್ದರಿಂದ ಬರೆಯಲು ಯಾರೂ ಉಳಿದಿರಲಿಲ್ಲ.

ಐದನೆಯ ಪದ ಸಿಕ್ಕಿದ್ದು ರಾತ್ರಿ, ಮನೆಮಂದಿಯೆಲ್ಲ ಮಲಗಿ ಫೋನೂ ಸುಮ್ಮನಾದ ಮೇಲೆ. ಆ ಹೊತ್ತು ಟೈಮ್‌ಶೀಟಿನಲ್ಲಿಲ್ಲ. ಹಗಲೆಲ್ಲ ಆಫೀಸಿನಲ್ಲಿ ಹಾಜರಿ, ಕೆಲಸ ಮಾತ್ರ ಮನೆಯಲ್ಲಿ, ಅದೂ ಬಿಟ್ಟಿ. ಇಂಥ ಲಾಭದ ಏರ್ಪಾಡನ್ನು ಯಾವ ಬುದ್ಧಿವಂತ ಮಾಲೀಕ ಕೈಬಿಟ್ಟಾನು?

ಕ್ಯಾಲಿಫೋರ್ನಿಯಾದ ಸಂಶೋಧಕಿ ಗ್ಲೋರಿಯಾ ಮಾರ್ಕ್ ಕಚೇರಿಗಳಲ್ಲಿ ಜನರ ಕೆಲಸವನ್ನು ಗಮನಿಸಿ ಲೆಕ್ಕ ಹಾಕಿದ್ದಾರೆ: ನಡುವೆ ಬಿಟ್ಟ ಕೆಲಸಕ್ಕೆ ಮರಳಲು ಸರಾಸರಿ 23 ನಿಮಿಷ ಹಿಡಿಯುತ್ತದೆ. ಅಂದರೆ ನಮ್ಮ ಆಫೀಸಿನ ‘ಎರಡೇ ನಿಮಿಷ’ಕ್ಕೆ ಇಪ್ಪತ್ತೈದು ನಿಮಿಷದ ಬೆಲೆ. ಗಂಟೆಗೆ ಅಂಥ ಮೂವರು ಬಂದರೆ ಗಂಟೆಯೇ ಸಾಲದು. ಕುಂಬಾರನಿಗೆ ವರುಷ, ದೊಣ್ಣೆಗೆ ನಿಮಿಷ. ನಮ್ಮಲ್ಲಿ ದೊಣ್ಣೆ ಕ್ಯಾಲೆಂಡರ್ ಇನ್‌ವೈಟಿನಲ್ಲಿ ಬರುತ್ತದೆ. ಇಷ್ಟಾದ ಮೇಲೂ ಮಡಕೆ ಯಾಕೆ ಆಗಿಲ್ಲವೆಂದು ಕೇಳಿ, ಶನಿವಾರವೂ ಬನ್ನಿ ಅನ್ನುತ್ತೀರಿ. ಗಂಟೆ ಕೂಡಿಸಿದರೆ ದೊಣ್ಣೆಗೆ ಸಮಯ ಸಿಕ್ಕೀತೇ ಹೊರತು ಕುಂಬಾರನಿಗಲ್ಲ.

ಆದ್ದರಿಂದ ಸರ್, ನನಗೆ ರಜೆ ಬೇಡ. ದಿನಾ ಬೆಳಿಗ್ಗೆ ಹತ್ತರಿಂದ ಒಂದರವರೆಗೆ ಬರೆಯುವವರನ್ನೂ ಚಿತ್ರ ಬಿಡಿಸುವವರನ್ನೂ ಯಾರೂ ಕರೆಯಕೂಡದು, ತಾವೂ ಸಹ, ಎಂದೊಂದು ಅಪ್ಪಣೆ ಹೊರಡಿಸಿ ಸಾಕು. ಒಂದು ತಿಂಗಳು ಮಾಡಿ ನೋಡಿ. ವಾರದ ಕೆಲಸವೆಲ್ಲ ಗುರುವಾರ ಸಂಜೆಗೇ ಮುಗಿದುಹೋಗುವ ಅಪಾಯವಿದೆ. ಹಾಗಾದರೆ ಅದರ ಹೊಣೆ ತಮ್ಮದು, ನನ್ನದಲ್ಲ.

ಇಂತಿ ತಮ್ಮ ವಿಧೇಯ,
ಕಾಪಿರೈಟರ್