ತಿಂಡಿತ್ಯಾಗ ಮೀಮಾಂಸೆ

ಶಾಸ್ತ್ರಗ್ರಂಥಗಳು 'ಅಥ' ಎಂದು ಆರಂಭವಾಗುವುದು ರೂಢಿ. ತಿಂಡಿಶಾಸ್ತ್ರ ಮಾತ್ರ 'ತಿಂಡಿ ಆಯ್ತಾ?' ಎಂದು ಆರಂಭವಾಗುತ್ತದೆ. ಬೆಳಿಗ್ಗೆ ಎಂಟರಿಂದ ಹನ್ನೊಂದರೊಳಗೆ ಇಬ್ಬರು ಎದುರಾದರೆ ಮೊದಲು ಉಚ್ಚರಿಸಬೇಕಾದ ಮಂತ್ರವಿದು. 'ಆಯ್ತು' ಎಂದರೆ ಕಾಫಿ ಬರುತ್ತದೆ. 'ಇಲ್ಲ' ಎಂದರೆ ತಿಂಡಿಯೂ ಬರುತ್ತದೆ, ಕಾಫಿಯೂ ಬರುತ್ತದೆ. 'ನಾನು ತಿಂಡಿ ಬಿಟ್ಟಿದ್ದೀನಿ' ಎಂಬ ಮೂರನೆಯ ಉತ್ತರಕ್ಕೆ ನಮ್ಮ ಸಂಪ್ರದಾಯದಲ್ಲಿ ಜಾಗವಿಲ್ಲ. ಹಾಗೆಂದವರಿಗೆ 'ಯಾಕೆ, ಮೈ ಹುಷಾರಿಲ್ವಾ?' ಎಂಬ ಪ್ರತಿಪ್ರಶ್ನೆ, ಅದರ ಬೆನ್ನಿಗೇ 'ಒಂದೇ ಒಂದು ಇಡ್ಲಿ' ಎಂಬ ಪ್ರಾಯಶ್ಚಿತ್ತ. ಇಷ್ಟು ಪ್ರತಿಕೂಲದ ನಡುವೆಯೂ ತೂಕ ಇಳಿಸಲೆಂದು ತಿಂಡಿಯನ್ನೇ ತ್ಯಜಿಸುವ ಪಂಥವೊಂದು ಬೆಳೆದು ನಿಂತಿರುವುದರಿಂದ ಈ ಜಿಜ್ಞಾಸೆಗೆ ಕೈ ಹಾಕಬೇಕಾಯಿತು.

ಗ್ರಂಥದ ಬಾಗಿಲಲ್ಲೇ ಅನುಬಂಧ ಚತುಷ್ಟಯವನ್ನು ಹೇಳಿಬಿಡಬೇಕೆಂಬುದು ಹಿರಿಯರ ಕಟ್ಟಳೆ. ಇಲ್ಲಿನ ವಿಷಯ, ತಿಂಡಿ ಬಿಟ್ಟರೆ ತೂಕ ಇಳಿಯುವುದೋ ಏರುವುದೋ ಎಂಬುದು. ಪ್ರಯೋಜನ, ಮದುವೆಗೆ ಹೊಲಿಸಿದ ಪ್ಯಾಂಟು. ಅಧಿಕಾರಿ, ಆ ಪ್ಯಾಂಟು ಮತ್ತೆ ಆದೀತೆಂದು ಇನ್ನೂ ಬೀರುವಿನಲ್ಲಿ ಕಾಪಾಡಿಕೊಂಡು ಬಂದಿರುವವನು. ಸಂಬಂಧ, ಅದರ ಗುಂಡಿಗೂ ಕಾಜಕ್ಕೂ ಇರಬೇಕಾದದ್ದು, ಸದ್ಯಕ್ಕೆ ಇಲ್ಲದ್ದು.

ಆಧಾರಸೂತ್ರಕ್ಕೆ ನಮ್ಮಲ್ಲಿ ಬರವಿಲ್ಲ. ಒಂದು ಹೊತ್ತು ಉಂಡವ ಯೋಗಿ, ಎರಡು ಹೊತ್ತು ಉಂಡವ ಭೋಗಿ, ಮೂರು ಹೊತ್ತು ಉಂಡವ ರೋಗಿ. ನಾಲ್ಕನೆಯವನನ್ನು ಹೊತ್ಕೊಂಡೇ ಹೋಗಬೇಕು. ತ್ಯಾಗಪಂಥದವರು ಇದನ್ನೇ ಶ್ರುತಿಪ್ರಮಾಣವೆಂದು ಎತ್ತಿ ಹಿಡಿಯುತ್ತಾರೆ. ಆದರೆ ಭಾಷ್ಯಕಾರನ ಕಣ್ಣಿಗೆ ಇದರಲ್ಲೊಂದು ಕಂಡಿ ಕಾಣುತ್ತದೆ: ಸೂತ್ರ ಎಣಿಸುವುದು ಹೊತ್ತನ್ನು, ತುತ್ತನ್ನಲ್ಲ. ಈ ಕಂಡಿಯಲ್ಲಿ ತೂರಿಹೋದವರು ಅಸಂಖ್ಯ. ಒಪ್ಪತ್ತಿನ ದಿನ ರಾತ್ರಿ ಅನ್ನ ಮುಟ್ಟದ ನಿಷ್ಠಾವಂತರು ಫಲಾಹಾರಕ್ಕೆ ಕೂತಾಗ ಎಲೆಯ ಮೇಲೆ ಉಪ್ಪಿಟ್ಟಿನ ಗುಡ್ಡವೂ ಪಕ್ಕದಲ್ಲಿ ಮೊಸರವಲಕ್ಕಿಯೂ ಬೀಳುವುದನ್ನು ಕಂಡವರಿಗೆ ಹೆಚ್ಚು ವಿವರಿಸಬೇಕಿಲ್ಲ. ಈಗಿನ ಹುಡುಗರು ಹದಿನಾರು ಗಂಟೆ ಉಪವಾಸ, ಎಂಟು ಗಂಟೆ ಆಹಾರ ಎಂದು ಮಾಡುವುದೂ ಒಪ್ಪತ್ತಿನ ಕುಲದ್ದೇ. ದೇವರಿದ್ದ ಜಾಗದಲ್ಲಿ ಆ್ಯಪ್ ಕೂತಿದೆ, ಅಷ್ಟೇ.

ಇನ್ನು ಪೂರ್ವಪಕ್ಷ. 'ಬೆಳಗಿನ ತಿಂಡಿಯೇ ದಿನದ ಅತಿ ಮುಖ್ಯ ಆಹಾರ' ಎಂಬ ಮಾತನ್ನು ನಮ್ಮ ಮನೆಗಳಲ್ಲಿ ಯಾವುದೋ ಋಷಿಯ ವಾಕ್ಯವೆಂಬಂತೆ ಹೇಳಿ ತಟ್ಟೆಗೆ ಇನ್ನೊಂದು ಸೌಟು ಬಡಿಸುತ್ತಾರೆ. ಮೂಲ ಹುಡುಕುತ್ತ ಹೋದರೆ ಸಿಗುವುದು ನೈಮಿಷಾರಣ್ಯವಲ್ಲ, ಅಮೆರಿಕದ ಮಿಷಿಗನ್ ರಾಜ್ಯದ ಬ್ಯಾಟಲ್ ಕ್ರೀಕ್ ಎಂಬ ಊರು. ಅಲ್ಲಿ ಜಾನ್ ಹಾರ್ವೆ ಕೆಲಾಗ್ ಎಂಬ ವೈದ್ಯರ ಆರೋಗ್ಯಧಾಮವಿತ್ತು. ಅವರ ಸಂಪಾದಕತ್ವದ 'ಗುಡ್ ಹೆಲ್ತ್' ಪತ್ರಿಕೆಯಲ್ಲಿ 1917ರಲ್ಲಿ ಲೆನ್ನಾ ಕೂಪರ್ ಎಂಬ ಆಹಾರತಜ್ಞೆ ಈ ಮಹಾವಾಕ್ಯವನ್ನು ಬರೆದರು. ಅಷ್ಟರಲ್ಲಾಗಲೇ ವೈದ್ಯರ ತಮ್ಮ ವಿಲ್ ಕೀತ್ ಕೆಲಾಗ್ ಮೆಕ್ಕೆಜೋಳದ ಚಕ್ಕೆ ಮಾರುವ ಕಂಪನಿ ತೆರೆದು ಹನ್ನೊಂದು ವರ್ಷವಾಗಿತ್ತು. ಅಣ್ಣತಮ್ಮಂದಿರು ಮನೆತನದ ಹೆಸರು ಯಾರಿಗೆ ಸೇರಬೇಕೆಂದು ಕೋರ್ಟು ಹತ್ತಿದ್ದು ಬೇರೆ ಪರ್ವ. ಋಷಿಮೂಲ ಹುಡುಕಬಾರದು ಎಂದು ಹಿರಿಯರು ಹೇಳಿದ್ದು ಇದಕ್ಕೇ ಇರಬೇಕು.

ಹಾಗೆಂದು ತ್ಯಾಗಪಂಥದವರು ಬೀಗುವಂತಿಲ್ಲ. ಅವರ ಆಚಾರ್ಯಪುರುಷ ಎಡ್ವರ್ಡ್ ಹೂಕರ್ ಡ್ಯೂಯಿ ಕೂಡ ಅಮೆರಿಕದವರೇ, ಪೆನ್ಸಿಲ್ವೇನಿಯಾದ ವೈದ್ಯರು. ತಿಂಡಿ ಬಿಡುವುದೇ ಸಕಲ ರೋಗಕ್ಕೂ ಮದ್ದೆಂದು 1900ರಲ್ಲೇ ಒಂದು ಪುಸ್ತಕ ಬರೆದಿಟ್ಟರು. ನಮ್ಮ ಅಪಾರ್ಟ್‌ಮೆಂಟಿನ ಲಿಫ್ಟಿನಲ್ಲಿ 'ಲೇಟೆಸ್ಟ್ ರಿಸರ್ಚ್ ಸಾರ್' ಎಂದು ಕಿವಿಯಲ್ಲಿ ಹೇಳುವ ಸುದ್ದಿಗೆ ನೂರಿಪ್ಪತ್ತು ದಾಟಿ ವಯಸ್ಸಾಗಿದೆ.

ವಾದಕ್ಕೆ ಮೊದಲು ಲಕ್ಷಣ ಹೇಳಬೇಕಲ್ಲ, ತಿಂಡಿ ಎಂದರೇನು? 'ಬೆಳಿಗ್ಗೆ ಮೊದಲು ತಿನ್ನುವುದೇ ತಿಂಡಿ' ಎಂದರೆ ಅತಿವ್ಯಾಪ್ತಿ: ಕಾಫಿಗೆ ಅದ್ದಿದ ಎರಡು ಮಾರಿ ಬಿಸ್ಕತ್ತೂ ತಿಂಡಿಯಾಗಿಬಿಡುತ್ತದೆ, ತಿಂಡಿ ಬಿಟ್ಟವರೆಲ್ಲ ವ್ರತಭ್ರಷ್ಟರಾಗುತ್ತಾರೆ. 'ಹಬೆಯನ್ನೋ ಹೆಂಚನ್ನೋ ಕಂಡು ಬಂದದ್ದು ತಿಂಡಿ' ಎಂದರೆ ಅವ್ಯಾಪ್ತಿ: ಕರಾವಳಿಯ ಗಂಜಿ ಹೊರಗುಳಿಯುತ್ತದೆ, ದಾವಣಗೆರೆಯ ಒಗ್ಗರಣೆ ಮಂಡಕ್ಕಿಯೂ ಹೊರಗುಳಿಯುತ್ತದೆ. ಮಂಡ್ಯದ ಕಡೆ ಹೊಲಕ್ಕೆ ಹೋಗುವವರು ಬೆಳಿಗ್ಗೆಯೇ ಮುದ್ದೆ ನುಂಗಿ ಹೊರಟರೆ ಅದು ತಿಂಡಿಯೋ ಊಟವೋ? ಕೊಡಗಿನ ಅಕ್ಕಿ ಒಟ್ಟಿಯ ಪಕ್ಕದಲ್ಲಿ ರಾತ್ರಿಯ ಪಂದಿಕರಿ ಉಳಿದಿದ್ದರೆ? ಪಾಶ್ಚಾತ್ಯ ಪಂಡಿತರಿಗೆ ಈ ಕಷ್ಟವಿಲ್ಲ. ಬಟ್ಟಲಿಗೆ ಹಾಲು, ಹಾಲಿಗೆ ಚಕ್ಕೆ. ಅದನ್ನು ತಿಂದರೆ ತಿಂದರು, ಬಿಟ್ಟರೆ ಬಿಟ್ಟರು. ಅದನ್ನು ಬಿಡುವುದು ಯಾವ ಮಹಾ ತ್ಯಾಗ ಎಂಬ ಆಕ್ಷೇಪವನ್ನು ಇಲ್ಲಿ ದಾಖಲಿಸಿ ಮುಂದೆ ಹೋಗುತ್ತೇನೆ.

ತಿಂಡಿ ಬಿಡುವವರೇ ಹೆಚ್ಚು ದಪ್ಪ ಎಂದು ಎಷ್ಟೋ ಸಮೀಕ್ಷೆಗಳು ಹೇಳಿದ್ದುಂಟು. ಭೋಗಪಂಥಕ್ಕೆ ಅದೇ ಬ್ರಹ್ಮಾಸ್ತ್ರ. ಆದರೆ ಮಳೆಯಲ್ಲಿ ಕೊಡೆ ಹಿಡಿದವರ ಕಾಲು ನೆನೆದಿರುವುದನ್ನು ನೋಡಿ ಕೊಡೆಯಿಂದಲೇ ಮಳೆ ಬಂತು ಎಂದರಾದೀತೇ? ದಪ್ಪಗಾದ ಮೇಲಲ್ಲವೇ ಮನುಷ್ಯ ತಿಂಡಿ ಬಿಡುವ ಯೋಚನೆ ಮಾಡುವುದು. ಅದೂ ಅಲ್ಲದೆ ತಿಂಡಿ ಬಿಡುವವರಲ್ಲಿ ರಾತ್ರಿ ನಿದ್ದೆಗೆಟ್ಟವರು, ಪಾಳಿಯ ಕೆಲಸದವರು, ಬಸ್ಸಿಗೆ ಓಡುವವರು ಎಲ್ಲ ಸೇರಿರುತ್ತಾರೆ; ತಪ್ಪು ತಿಂಡಿಯದೋ ಬಸ್ಸಿನದೋ ಬೇರ್ಪಡಿಸುವುದು ಕಷ್ಟ. ನನ್ನ ಸ್ವಂತ ಅವಲೋಕನದಲ್ಲಿ ಇನ್ನೊಂದು ಕಾರಣವೂ ಕಂಡಿದೆ, ಅದನ್ನು ಯಾವ ವಿಶ್ವವಿದ್ಯಾಲಯವೂ ಲೆಕ್ಕಕ್ಕೆ ಹಿಡಿದಂತಿಲ್ಲ. ಅಡುಗೆಮನೆಯಿಂದ ರವೆ ಹುರಿಯುವ ವಾಸನೆ ಬಂದ ದಿನ ತಿಂಡಿತ್ಯಾಗದ ಸಂಕಲ್ಪ ಹೆಬ್ಬಂಡೆಯಂತೆ ದೃಢವಾಗಿರುತ್ತದೆ; 'ಕಾಂಕ್ರೀಟಾ? ನಂಗೆ ಬೇಡ, ಡಯಟ್ಟು' ಎಂಬ ಘೋಷಣೆ ಹೊರಡುತ್ತದೆ. ಅದೇ ಮನುಷ್ಯ, ಕಾವಲಿಯ ಮೇಲೆ ಚುಂಯ್ ಎಂದ ದಿನ ಸ್ನಾನವನ್ನೂ ಮುಂದೂಡಿ ತಟ್ಟೆ ಹಿಡಿದು ನಿಂತಿರುತ್ತಾನೆ. ಆದ್ದರಿಂದ ತಿಂಡಿತ್ಯಾಗವೆಂದು ಲೋಕ ಕರೆಯುವುದರ ಬಹುಪಾಲು ಉಪ್ಪಿಟ್ಟುತ್ಯಾಗವೆಂದೇ ಗ್ರಹಿಸಬೇಕು.

ಸಮೀಕ್ಷೆ ಬಿಟ್ಟು ಪ್ರಯೋಗಕ್ಕೆ ಬಂದರೆ ಕಣ್ಣಿಗೆ ಬೀಳುವ ಹೆಸರು 'ಬಾತ್ ಬ್ರೇಕ್‌ಫಾಸ್ಟ್ ಪ್ರಾಜೆಕ್ಟ್'. ಈ ಹೆಸರು ಓದಿ ಕನ್ನಡಿಗರ ಬಾಯಲ್ಲಿ ನೀರೂರುವುದು ಸಹಜ. ಆದರೆ ಅದರಲ್ಲಿ ಖಾರಾಬಾತೂ ಇಲ್ಲ, ಕೇಸರಿಬಾತೂ ಇಲ್ಲ; ಬಾತ್ ಎಂಬುದು ಇಂಗ್ಲೆಂಡಿನ ಒಂದು ಊರು. 2014ರಲ್ಲಿ ಪ್ರಕಟವಾದ ಈ ಪ್ರಯೋಗದಲ್ಲಿ ತೆಳ್ಳಗಿನ ಕೆಲವರಿಗೆ ಆರು ವಾರ ಬೆಳಿಗ್ಗೆ ಹನ್ನೊಂದರೊಳಗೆ 700 ಕಿಲೋಕ್ಯಾಲರಿಯಾದರೂ ತಿನ್ನಿ ಎಂದರು, ಉಳಿದವರಿಗೆ ಮಧ್ಯಾಹ್ನದವರೆಗೆ ಬರೀ ನೀರು. ತೂಕದಲ್ಲಿ ಹೇಳಿಕೊಳ್ಳುವ ವ್ಯತ್ಯಾಸವೇ ಕಾಣಲಿಲ್ಲ. ಆದರೆ ತಿಂದವರು ಓಡಾಟದಲ್ಲೇ ದಿನಕ್ಕೆ 442 ಕಿಲೋಕ್ಯಾಲರಿ ಹೆಚ್ಚು ಕರಗಿಸಿದ್ದರು. ತಿನ್ನದವರು ಗೊತ್ತಿಲ್ಲದಂತೆ ಓಡಾಟವನ್ನೂ ಕಡಿಮೆ ಮಾಡಿಕೊಂಡಿದ್ದರು. ತಿಂಡಿ ಬಿಟ್ಟ ಗಂಡ ಸೋಫಾದಿಂದ ಏಳದಿರುವುದಕ್ಕೆ ಇದೀಗ ವೈಜ್ಞಾನಿಕ ಸಮರ್ಥನೆ ದೊರೆತಂತಾಯಿತು.

ಅದೇ ವರ್ಷ ಇನ್ನೊಂದು ಪ್ರಯೋಗದಲ್ಲಿ 309 ಜನರನ್ನು ಹದಿನಾರು ವಾರ ಪರೀಕ್ಷಿಸಿದಾಗಲೂ ತಿಂಡಿ ತಿನ್ನಿ ಎಂಬ ಉಪದೇಶಕ್ಕಾಗಲಿ ಬಿಡಿ ಎಂಬ ಉಪದೇಶಕ್ಕಾಗಲಿ ತೂಕ ಕಿವಿಗೊಡಲಿಲ್ಲ. 2019ರಲ್ಲಿ ಆಸ್ಟ್ರೇಲಿಯದ ಮೊನಾಶ್ ವಿಶ್ವವಿದ್ಯಾಲಯದವರು ಇಂಥ 13 ಪ್ರಯೋಗಗಳನ್ನು ಒಟ್ಟುಮಾಡಿ ತೂಗಿದರು: ತಿಂಡಿ ತಿಂದವರ ಹೊಟ್ಟೆಗೆ ದಿನಕ್ಕೆ ಸರಾಸರಿ 260 ಕಿಲೋಕ್ಯಾಲರಿ ಹೆಚ್ಚು ಸೇರುತ್ತಿತ್ತು, ಬಿಟ್ಟವರ ತೂಕ 0.44 ಕಿಲೋ ಕಡಿಮೆ ಇತ್ತು. ಆ ಪ್ರಯೋಗಗಳ ಗುಣಮಟ್ಟವೂ ಅಷ್ಟಕ್ಕಷ್ಟೇ ಎಂದು ಅವರೇ ಹೇಳಿದರು. ಅರ್ಧ ಕಿಲೋಗೂ ಕಮ್ಮಿ! ಬೂಟು ಬಿಚ್ಚಿಟ್ಟು ತೂಕದ ಯಂತ್ರ ಹತ್ತಿದರೆ ಇದಕ್ಕಿಂತ ಹೆಚ್ಚು ಇಳಿಯುತ್ತದೆ, ಅದೂ ಮಸಾಲೆ ದೋಸೆ ತಿಂದ ಮೇಲೆ.

ನನಗೆ ಬಹಳ ಹಿಡಿಸಿದ್ದು 1992ರ ವಾಂಡರ್‌ಬಿಲ್ಟ್ ವಿಶ್ವವಿದ್ಯಾಲಯದ ಪ್ರಯೋಗ. ಐವತ್ತೆರಡು ಸ್ಥೂಲಕಾಯದ ಮಹಿಳೆಯರು, ಹನ್ನೆರಡು ವಾರ, ಎಲ್ಲರಿಗೂ ಅಳತೆಯ ಪಥ್ಯ. ಮೊದಲಿನಿಂದ ತಿಂಡಿ ತಿನ್ನುತ್ತಿದ್ದು ಈಗ ಬಿಟ್ಟವರು 8.9 ಕಿಲೋ ಇಳಿದರು. ಮೊದಲಿನಿಂದ ಬಿಟ್ಟಿದ್ದು ಈಗ ಶುರುಮಾಡಿದವರು 7.7 ಕಿಲೋ ಇಳಿದರು. ಹಳೆಯ ಚಾಳಿಯಲ್ಲೇ ಮುಂದುವರಿದ ಎರಡೂ ಬಗೆಯವರು ಆರು ಕಿಲೋ ಆಸುಪಾಸಿನಲ್ಲಿ ನಿಂತರು. ಅಂದರೆ ತಿಂಡಿಗಿಂತ ಹೆಚ್ಚಾಗಿ ಅಭ್ಯಾಸ ಮುರಿದದ್ದೇ ಕೆಲಸ ಮಾಡಿತು. ಇದನ್ನು ತರ್ಕದ ಕೊನೆಯವರೆಗೂ ಎಳೆದರೆ, ಸೋಮವಾರ ತಿಂಡಿ ಬಿಟ್ಟು ಮಂಗಳವಾರ ಶುರುಮಾಡಿ ಬುಧವಾರ ಮತ್ತೆ ಬಿಡುವ ಚಂಚಲಚಿತ್ತನೇ ಲೋಕದಲ್ಲಿ ಅತ್ಯಂತ ತೆಳ್ಳಗಿರಬೇಕಿತ್ತು. ನಮ್ಮ ಬೀದಿಯಲ್ಲಿ ಅಂಥವರು ಬೇಕಾದಷ್ಟು ಜನರಿದ್ದಾರೆ, ಯಾರೂ ತೆಳ್ಳಗಿಲ್ಲ.

ಪ್ರತ್ಯಕ್ಷ ಪ್ರಮಾಣಕ್ಕಾಗಿ ಲಾಲ್‌ಬಾಗಿಗೆ ಹೋಗುವುದು ಒಳ್ಳೆಯದು. ಮುಂಜಾನೆ ಅಲ್ಲಿ ಒಂದು ಗಂಟೆ ಬಿರುಸಾಗಿ ನಡೆದ ಎಪ್ಪತ್ತು ಕಿಲೋ ದೇಹ ಸುಮಾರು 250ರಿಂದ 300 ಕಿಲೋಕ್ಯಾಲರಿ ಕರಗಿಸುತ್ತದೆ. ಅದೃಷ್ಟವೋ ದುರದೃಷ್ಟವೋ, 1924ರಲ್ಲಿ ಶುರುವಾದ ಎಂಟಿಆರ್ ಇರುವುದು ಮಾವಳ್ಳಿಯಲ್ಲಿ, ಉದ್ಯಾನದ ಮಗ್ಗುಲಲ್ಲೇ. ಇನ್ನೊಂದು ದಿಕ್ಕಿಗೆ ನಡೆದರೆ ಗಾಂಧಿ ಬಜಾರಿನ ವಿದ್ಯಾರ್ಥಿ ಭವನ. ಅಲ್ಲಿಗೂ ಹೋಗದವರಿಗೆ ತಿರುವು ತಿರುವಿಗೂ ದರ್ಶಿನಿಗಳಿವೆ. ಬೆವರಿನ ಟೀ ಶರ್ಟು, ಕೈಯಲ್ಲಿ ಹೆಜ್ಜೆ ಎಣಿಸುವ ಗಡಿಯಾರ. ಎದುರಿನ ಎತ್ತರದ ಮೇಜಿನ ಮೇಲೆ ದೋಸೆ, ದೋಸೆಯ ನೆತ್ತಿಯಲ್ಲಿ ಕರಗಲು ಹೊರಟ ಬೆಣ್ಣೆಯುಂಡೆ. ಒಂದು ಚಹಾಚಮಚ ತುಪ್ಪಕ್ಕೆ 45 ಕಿಲೋಕ್ಯಾಲರಿ ಎಂಬುದು ನಡೆದು ಬಂದವರಿಗೆ ಗೊತ್ತು. ಭಟ್ಟರು ಹೆಂಚಿನ ಮೇಲೆ ಚಮಚದಲ್ಲಿ ಅಳೆದು ಸುರಿಯುವುದಿಲ್ಲ ಎಂಬುದೂ ಗೊತ್ತು. ಕೊನೆಗೆ ಕೌಂಟರಿನ ಕಡೆ ತಿರುಗಿ ಗಂಭೀರವಾಗಿ ಹೇಳುತ್ತಾರೆ: 'ಬೈಟು ಕಾಫಿ, ಒಂದಕ್ಕೆ ಸಕ್ಕರೆ ಕಮ್ಮಿ.' ಸಂಯಮವೆಂದರೆ ಇದೇ.

ಮಧ್ಯೆ ಒಂದು ಆಪದ್ಧರ್ಮ. ಸಕ್ಕರೆ ಕಾಯಿಲೆಗೆ ಇನ್ಸುಲಿನ್ ಅಥವಾ ಮಾತ್ರೆ ತೆಗೆದುಕೊಳ್ಳುವವರು ಡಾಕ್ಟರನ್ನು ಕೇಳದೆ ತಿಂಡಿ ಬಿಟ್ಟರೆ ರಕ್ತದ ಸಕ್ಕರೆ ದಿಢೀರನೆ ಕುಸಿಯಬಹುದು. ಅಣಕ ಅವರಿಗೆ ಅನ್ವಯಿಸುವುದಿಲ್ಲ.

ಸಿದ್ಧಾಂತ ಹೀಗೆ: ತಿಂಡಿಗೆ ತೂಕ ಏರಿಸುವ ಶಕ್ತಿಯೂ ಇಲ್ಲ, ಬಿಟ್ಟಮಾತ್ರಕ್ಕೆ ಇಳಿಸುವ ಶಕ್ತಿಯೂ ಇಲ್ಲ. ಇಡೀ ದಿನದ ಲೆಕ್ಕದಲ್ಲಿ ಒಳಗೆ ಹೋದದ್ದೆಷ್ಟು, ಕರಗಿದ್ದೆಷ್ಟು ಎಂಬುದೇ ನ್ಯಾಯಾಧೀಶ. ಎಂಟಕ್ಕೆ ಬಿಟ್ಟ ತಿಂಡಿ ಹನ್ನೊಂದಕ್ಕೆ ಆಫೀಸಿನ ಕೆಳಗಿನ ಬೇಕರಿಯಲ್ಲಿ ಆಲೂ ಪಫ್ ಆಗಿ, ಪಫ್‌ನ ಜೊತೆ ದಿಲ್‌ಪಸಂದ್ ಆಗಿ ಪುನರ್ಜನ್ಮ ಪಡೆಯದಿದ್ದರೆ ತ್ಯಾಗಿಗೆ ಲಾಭ, ಪಡೆದರೆ ಬೇಕರಿಗೆ.

ಈ ಸಿದ್ಧಾಂತದಲ್ಲಿ ಪಂಡಿತರಾರೂ ಎತ್ತದ ಒಂದು ಅಧಿಕರಣ ಉಳಿದಿದೆ. ಐದೂವರೆಗೆ ಎದ್ದು ಮಕ್ಕಳಿಗೆ ಚಿತ್ರಾನ್ನದ ಡಬ್ಬಿ, ಗಂಡನಿಗೆ ಚಪಾತಿ, ಅತ್ತೆಗೆ ಈರುಳ್ಳಿ ಹಾಕದ ಬೇರೆ ಉಪ್ಪಿಟ್ಟು ಮಾಡಿ ಕಳಿಸಿದವಳು ಹತ್ತೂಮುಕ್ಕಾಲಕ್ಕೆ ಅಡುಗೆಕಟ್ಟೆಗೆ ಒರಗಿ ನಿಂತು ಬಾಣಲೆಯ ತಳ ಹಿಡಿದ ಹೊರಪನ್ನು ಸಟ್ಟುಗದಿಂದ ಕೆರೆದು ತಿನ್ನುತ್ತಾಳೆ. ಹಿಂದಿನ ರಾತ್ರಿ ಎಲ್ಲರಿಗೂ ಬಡಿಸಿ ಒಂಬತ್ತೂಮುಕ್ಕಾಲಕ್ಕೆ ಉಂಡದ್ದು. ನಡುವೆ ಹದಿಮೂರು ಗಂಟೆಯ ಉಪವಾಸ, ಆ್ಯಪ್ ಇಲ್ಲದೆ, ವರ್ಷಗಟ್ಟಲೆ. ಅವಳ ಎದುರಿಗೇ ನಿಂತು ಮನೆಯ ಯಜಮಾನ ತನ್ನ ಮಹಾವ್ರತವನ್ನು ಸಾರಿದ.

'ನಾಳೆಯಿಂದ ನಂಗೆ ತಿಂಡಿ ಬೇಡ ಕಣೇ.'

'ಸರಿ ರೀ. ಹನ್ನೊಂದಕ್ಕೆ ಏನು ಮಾಡ್ಲಿ?'