ಹೊಗೆಗೂಡಿನ ಭಾವಯ್ಯ

ಸಾಗರ, ಹೊಸನಗರ, ತೀರ್ಥಹಳ್ಳಿ ಸೀಮೆಯ ಯಾವ ಊರಿಗೆ ಹೋದರೂ ಒಲೆಗೆ ಹೊಗೆಗೂಡು ಹಾಕಿಸಲಿರುವ ಭಾವಯ್ಯ ಒಬ್ಬರು ಸಿಕ್ಕೇ ಸಿಗುತ್ತಾರೆ. ಹಾಕಿಸಿದವರಲ್ಲ, ಹಾಕಿಸಲಿರುವವರು. ಹೊಳೆಬಾಗಿಲಿನಲ್ಲಿ ಲಾಂಚ್ ಕಾಯುವಷ್ಟರಲ್ಲಿ ಇಂಥವರು ಬಾಯಲ್ಲೇ ಮೂರು ಮನೆಗೆ ಹೊಗೆಗೂಡು ಎಬ್ಬಿಸುತ್ತಿದ್ದರು. 2025ರ ಜುಲೈಯಲ್ಲಿ ಸೇತುವೆ ತೆರೆದು ಆ ಪುರುಸೊತ್ತಿಗೆ ಕುತ್ತು ತಂದಿತು. ಇವರಿಗೆ ವಿಷಯ ಗೊತ್ತಿಲ್ಲವೆಂದು ನಗುವುದು ಅನ್ಯಾಯ. ಬಿಸಿ ಗಾಳಿ ಹಗುರ, ಕೊಳವೆ ಎತ್ತರವಾದಷ್ಟೂ ಹೊಗೆಯ ಎಳೆತ ಜೋರು, ಒಂದೊಂದು ತಿರುವೂ ಆ ಎಳೆತವನ್ನು ಕುಗ್ಗಿಸುತ್ತದೆ, ತುದಿ ಮಾಡಿನ ನೆತ್ತಿ ದಾಟಿರಬೇಕು – ಇದೆಲ್ಲ ಅವರಿಗೆ ಬಾಯಿಪಾಠ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ 1974ರಲ್ಲಿ ಹುಟ್ಟಿದ ‘ಅಸ್ತ್ರ’ ಕೇಂದ್ರ, ಅಲ್ಲಿ ರೂಪುಗೊಂಡು ಹಳ್ಳಿಗಳಿಗೆ ಬಂದ ಮೂರು ಪಾತ್ರೆಯ ಅಸ್ತ್ರ ಒಲೆ, ಎರಡರ ಚರಿತ್ರೆಯನ್ನೂ ಎರಡು ಕವಳದ ನಡುವೆ ಹೇಳಿ ಮುಗಿಸಬಲ್ಲರು. ಆದರೂ ಅವರ ಮನೆಗೆ ಕೊನೆಗೊಮ್ಮೆ ಕೊಳವೆ ಬಂದಾಗ ಅದು ಮೇಲಕ್ಕೆ ಹೋಗುವುದಿಲ್ಲ. ಗೋಡೆಯಲ್ಲಿ ಅಡ್ಡಡ್ಡ ತೂರಿ ಸೂರಿನ ಕೆಳಗೇ ಬಾಯಿ ಬಿಡುತ್ತದೆ. ಪಡುವಣ ಗಾಳಿ ಬೀಸಿದರೆ ಹೋದ ಹೊಗೆ ನೆಂಟರಂತೆ ಒಳಗೆ ವಾಪಸು.

ಇದು ಅಜ್ಞಾನವಲ್ಲ, ಲೆಕ್ಕಾಚಾರ. ಕೊಳವೆ ನೆಟ್ಟಗೆ ಏರಬೇಕಾದರೆ ಹಂಚು ತೆಗೆಯಬೇಕು. ಆಗುಂಬೆಯ ಮಳೆ ಕಂಡ ನಾಡಿನಲ್ಲಿ ಮಾಡಿಗೆ ತಾನಾಗಿ ತೂತು ಮಾಡುವುದೆಂದರೆ ದೋಣಿಗೆ ತೂತು ಮಾಡಿದ ಹಾಗೆ. ಮಾಡು ಸೋರಿದರೆ ಏಣಿ ಹತ್ತುವವರು ಭಾವಯ್ಯ. ಹೊಗೆ ತುಂಬಿದರೆ ಕಣ್ಣೊರೆಸಿಕೊಂಡು ಊದುಗೊಳವೆ ಹಿಡಿಯುವವರು ಅಕ್ಕಯ್ಯ. ಕೊಳವೆಯ ಸುತ್ತ ತಗಡಿನ ಪಟ್ಟಿ ಕೊಟ್ಟು, ಅದರ ಮೇಲಂಚನ್ನು ಮೇಲಿನ ಹಂಚಿನಡಿ ತೂರಿಸಿ, ತುದಿಗೊಂದು ಟೊಪ್ಪಿ ಇಟ್ಟರೆ ನೀರಿಳಿಯದು ಎಂಬುದೂ ಭಾವಯ್ಯನವರಿಗೆ ಗೊತ್ತು. ‘ಈ ಮಳೆಗಾಲ ಕಳೆಯಲಿ’ ಎನ್ನುತ್ತಾರೆ. ಮಳೆಗಾಲ ಕಳೆಯುತ್ತದೆ, ಅಡಿಕೆ ಕೊಯ್ಲು ಬರುತ್ತದೆ.

ಹೊಗೆಯಿಂದ ಉಪಕಾರವಿಲ್ಲವೇ ಎಂದು ಅವರು ಕೇಳುವುದುಂಟು. ಇದೆ. ಅಟ್ಟದ ಮೇಲೆ ಉಪ್ಪಾಗೆ ಒಣಗುತ್ತದೆ, ಮಾಡಿನ ಗಳುವಿಗೆ ಹುಳ ಹತ್ತುವುದಿಲ್ಲ. ಆದರೆ ಹೊಗೆಯ ಗುಣಗಾನವೆಲ್ಲ ಜಗಲಿಯಲ್ಲಿ ಕುಳಿತೇ ನಡೆಯುವುದೇಕೆ? ಉಪ್ಪಾಗೆಗೆ ಬೇಕಾದ್ದು ಅಟ್ಟದಲ್ಲಿ ಹೊಗೆ, ಉಸಿರಾಡುವವರ ಮುಖದಲ್ಲಲ್ಲ. ಗ್ಯಾಸ್ ಬಂದ ಮೇಲೆ ಇದೆಲ್ಲ ಯಾಕೆ ಎಂಬುದು ಇನ್ನೊಂದು ಮಾತು. ಕಾಫಿ ಗ್ಯಾಸಿನ ಮೇಲೆ ಆದೀತು. ಬಚ್ಚಲ ಹಂಡೆಗೆ ಈಗಲೂ ಅಡಿಕೆ ಸಿಪ್ಪೆ, ಸೋಗೆ, ಹಸಿ ಕಟ್ಟಿಗೆಯೇ ಗತಿ. ಹಸಿ ಕಟ್ಟಿಗೆ ಉರಿದರೆ ಕೊಳವೆಯಲ್ಲಿ ಮಸಿ ಕಟ್ಟುತ್ತದೆ, ಅದನ್ನು ಕೆರೆದು ತೆಗೆಯಲು ಬುಡದಲ್ಲೊಂದು ಕಿಂಡಿ ಬಿಡಬೇಕು. ಈ ಕಿಂಡಿಯ ವಿಷಯ ಬಂದಾಗ ಮಾತ್ರ ಭಾವಯ್ಯನವರ ಯೋಜನೆ ಮಂಕಾಗುತ್ತದೆ. ಕೆರೆಯುವವರು ಯಾರೆಂಬ ಪ್ರಶ್ನೆ ಅಲ್ಲೇ ಕುಳಿತಿರುತ್ತದಲ್ಲ!

ಇದಕ್ಕೆಲ್ಲ ಸಾಕ್ಷಿ ಬೇಕಾದವರು ಕೊಯ್ಲಿನ ಕಾಲಕ್ಕೆ ಅವರ ಕೊಟ್ಟಿಗೆಯ ಕಡೆ ಹೋಗಿ ನೋಡಬೇಕು. ಅಲ್ಲಿ ಚೊಗರು ಕುದಿಯುವ ಹಂಡೆಯ ಮುಂದೆ ಅಡಿಕೆ ಬೇಯಿಸುತ್ತ ರಾತ್ರಿಯೆಲ್ಲ ನಿಲ್ಲುವವರು ಭಾವಯ್ಯನವರೇ. ಆ ಒಲೆಯ ಕೊಳವೆ ಒಂದು ತಿರುವೂ ಇಲ್ಲದೆ ಮಾಡು ಸೀಳಿಕೊಂಡು, ಪಕ್ಕದ ಅಡಿಕೆ ಮರದ ಜೊತೆ ಪಂತ ಕಟ್ಟಿದಂತೆ ಮೇಲೇರಿರುತ್ತದೆ.