ಆಸ್ಪತ್ರಾಮಾರ್ಗ ಮೀಮಾಂಸೆ

ಒಂದು ಅಧಿಕರಣಕ್ಕೆ, ಅಂದರೆ ಒಂದು ಪ್ರಶ್ನೆಯ ವಿಚಾರಣೆಗೆ, ಮೀಮಾಂಸಕರು ಐದು ಅಂಗ ಹೇಳಿದ್ದಾರೆ: ವಿಷಯ, ಸಂಶಯ, ಪೂರ್ವಪಕ್ಷ, ಉತ್ತರಪಕ್ಷ, ನಿರ್ಣಯ. ಮೀಮಾಂಸಾಸೂತ್ರ ಬರೆದ ಜೈಮಿನಿಗಳು ಓಪಿಡಿಗೆ ಹೋದವರಲ್ಲವಾದ್ದರಿಂದ ಆಸ್ಪತ್ರೆಯ ಅಧಿಕರಣವೊಂದು ಬಿಟ್ಟುಹೋಗಿದೆ. ಕೆಂಗೇರಿ ಉಪನಗರ ನಿವಾಸಿಯೂ, ದೊಡ್ಡಮ್ಮನ ಫೈಲು ಮತ್ತು ನೀರಿನ ಬಾಟಲಿಯ ವಾಹಕನೂ ಆದ ಈ ಲೇಖಕ ಆ ಕೊರತೆಯನ್ನು ತುಂಬುತ್ತಿದ್ದಾನೆ.

ವಿಷಯ: ದೊಡ್ಡ ಆಸ್ಪತ್ರೆಯೊಳಗೆ ರಕ್ತ ಕೊಡುವ ಜಾಗ.

ಸಂಶಯ: ಅದು ಎಲ್ಲಿದೆ? ಅದನ್ನು ತಿಳಿಯಲು ಗೋಡೆಯ ಬಾಣ ಪ್ರಮಾಣವೋ, ಮನುಷ್ಯರ ಮಾತೋ?

ಪೂರ್ವಪಕ್ಷ: ಬಾಣವೂ ಬಣ್ಣದ ಗೆರೆಯೂ ಸಾಕು. ಕೆಂಗೇರಿಯವರಿಗೆ ಗೆರೆ ಹೊಸತೇ? 2021ರ ಆಗಸ್ಟ್‌ನಲ್ಲೇ ಮೆಟ್ರೊದ ನೇರಳೆ ಮಾರ್ಗ ಇಲ್ಲಿಗೆ ಬಂತು. ಮೆಜೆಸ್ಟಿಕ್‌ನಲ್ಲಿ ಹಸಿರು ಹಿಡಿದು ಕೆ.ಆರ್. ಮಾರುಕಟ್ಟೆಯಲ್ಲಿ ಇಳಿದರೆ, 1900ರಲ್ಲಿ ಆರಂಭವಾದ ವಿಕ್ಟೋರಿಯಾ ಆಸ್ಪತ್ರೆ ಪಕ್ಕದಲ್ಲೇ. ಊರು ದಾಟಿಸಿದ ಗೆರೆ ವಾರ್ಡು ದಾಟಿಸದೇ?

ಉತ್ತರಪಕ್ಷ: ದಾಟಿಸದು. ನಾವು ಹೋದ ಆಸ್ಪತ್ರೆಯಲ್ಲಿ (ಹೆಸರು ಹೇಳುವುದು ಶಾಸ್ತ್ರಸಮ್ಮತವಲ್ಲ) ಹಸಿರು ಗೆರೆ ಲಿಫ್ಟಿನವರೆಗೆ ಚೆನ್ನಾಗಿಯೇ ಬಂತು. ಅಲ್ಲಿಂದಾಚೆ ಫಿನಾಯಿಲ್ ಹಾಕಿ ಒರೆಸಿ ಒರೆಸಿ ಸವೆದು, ಕೊನೆಗೆ ಒಂದು ಸ್ಟೀಲ್ ಬೀರುವಿನ ಅಡಿಗೆ ಹೋಗಿ ಐಕ್ಯವಾಯಿತು. ತಲೆ ಎತ್ತಿದರೆ ಬೋರ್ಡು: ‘ಫ್ಲೆಬಾಟಮಿ’. ದೊಡ್ಡಮ್ಮ ಅಕ್ಷರ ಕೂಡಿಸಿ ಓದಿ, “ಇದ್ಯಾವ ಊರೋ?” ಎಂದರು. ಗ್ರೀಸ್ ದೇಶ, ದೊಡ್ಡಮ್ಮ. ಗ್ರೀಕರಲ್ಲಿ ರಕ್ತನಾಳ ಕೊಯ್ಯುವುದಕ್ಕೆ ಹಾಗೆನ್ನುತ್ತಾರೆ. ಪಕ್ಕದ ‘ನೆಫ್ರಾಲಜಿ’ಯೂ ಅದೇ ಊರಿನದು, ಅರ್ಥ ಕಿಡ್ನಿಯ ಶಾಸ್ತ್ರ. ಗ್ರೀಕನ್ನು ಕನ್ನಡ ಲಿಪಿಯಲ್ಲಿ ಬರೆದ ಮಾತ್ರಕ್ಕೆ ಕನ್ನಡವಾಗದು.

ಪ್ರತ್ಯಕ್ಷ ಕೈಕೊಟ್ಟಾಗ ಶಬ್ದಪ್ರಮಾಣವೇ ಗತಿ. ಸೆಕ್ಯುರಿಟಿಯವರನ್ನು ಕೇಳಿದೆವು.

“ಸೀದಾ ಹೋಗಿ, ಲೆಫ್ಟ್ ತಗೊಳ್ಳಿ, ಅಲ್ಲಿ ಕೇಳಿ.”

ಅಲ್ಲಿ ಕೇಳಿದೆವು. “ಮೇಲ್ಗಡೆ ಕೇಳಿ.”

ಮೇಲ್ಗಡೆ ಕೇಳಿದೆವು. “ಕೆಳಗೆ ಸೆಕ್ಯುರಿಟಿಯವರನ್ನ ಕೇಳಿ.”

ತಾರ್ಕಿಕರು ಗಮನಿಸಬೇಕು: ಮೆಟ್ಟಿಲು ಹತ್ತುವವರೆಗೆ ಇದು ಅನವಸ್ಥಾದೋಷ, ಇಳಿದ ಮೇಲೆ ಚಕ್ರಕದೋಷ. ಇಷ್ಟರಲ್ಲಿ ದೊಡ್ಡಮ್ಮನಿಗೆ ಮಂಡಿನೋವು. ಅದು ಯಾವ ದೋಷವೂ ಅಲ್ಲ, ಅನುಭವ.

ನಿರ್ಣಯ: ನೆಲ ಒರೆಸುತ್ತಿದ್ದ ಆಯಮ್ಮ ಮಾಪಿನ ಕೋಲು ಗೋಡೆಗೊರಗಿಸಿ ಕೇಳಿದರು: “ಕ್ಯಾಂಟೀನ್ ಗೊತ್ತಾ ಅಜ್ಜಿ? ವಡೆ ವಾಸನೆ ಬರ್ತದಲ್ಲ, ಅದರ ಎದುರು ಬಾಗಿಲು.”

ಇದೇ ಅರುಂಧತೀ ನ್ಯಾಯ. ಮಂಕು ನಕ್ಷತ್ರ ತೋರಿಸಬೇಕಾದರೆ ಮೊದಲು ಪಕ್ಕದ ಹೊಳೆಯುವ ನಕ್ಷತ್ರ ತೋರಿಸು ಎನ್ನುತ್ತದೆ ಶಾಸ್ತ್ರ. ನಮ್ಮ ಉಪನಗರದಲ್ಲೂ ಮನೆಗೆ ದಾರಿ ಹೇಳುವವರು ಕ್ರಾಸ್ ನಂಬರಿಗಿಂತ ಮೊದಲು ಗುಡಿ, ಬೇಕರಿ ಹೇಳುತ್ತಾರೆ. ಶುಗರ್ ಟೆಸ್ಟಿಗೆಂದು ಬರೀ ಹೊಟ್ಟೆಯಲ್ಲಿ ಬಂದಿದ್ದ ದೊಡ್ಡಮ್ಮ ವಾಸನೆಯ ಜಾಡು ಹಿಡಿದರು. ಎರಡು ನಿಮಿಷಕ್ಕೆ ಬಾಗಿಲು ಸಿಕ್ಕಿತು.

ಆದ್ದರಿಂದ ಆಸ್ಪತ್ರೆಯವರಲ್ಲಿ ವಿನಂತಿ: ಬೋರ್ಡಿನ ಮೇಲೆ ‘ರಕ್ತ ಕೊಡುವ ಜಾಗ’, ‘ಮೂಳೆ ಡಾಕ್ಟರು’, ‘ಕಿಡ್ನಿ ಡಾಕ್ಟರು’ ಎಂದು ಬರೆಸಿ. ಬರೆಸುವ ಮುಂಚೆ ಆಯಮ್ಮನನ್ನು ಒಂದು ಮಾತು ಕೇಳಿ.